ಬುಲ್ಲಿ ಆಟ ಮುಂದೆ ಹೋಗ್ತಿಲ್ವಾ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

‘ಬುಲ್ಲಿ’ ಕೆಟ್ಟುಹೋಗಿದೆ ಎಂಬ ದೂರುಗಳಲ್ಲಿ ಎರಡು ಜಾತಿ. ಒಂದು, ಕಂಪ್ಯೂಟರ್ ನಿಜವಾಗಿಯೂ ಆಟವನ್ನು ಓಡಿಸಲಾಗದೆ ಒದ್ದಾಡುತ್ತಿರುತ್ತದೆ. ಇನ್ನೊಂದು, ಆಟ ಸರಿಯಾಗಿಯೇ ಓಡುತ್ತಿರುತ್ತದೆ, ಆದರೆ ಆಟದ ಕಥೆ ನಡೆಯುವ ಶಾಲೆ ಬುಲ್‌ವರ್ತ್ ಅಕಾಡೆಮಿಯ ವೇಳಾಪಟ್ಟಿ ನಿಮ್ಮನ್ನು ತಡೆದು ನಿಲ್ಲಿಸಿರುತ್ತದೆ. ಎರಡನೆಯದನ್ನು ಮೊದಲನೆಯದು ಅಂದುಕೊಂಡು ಆಟವನ್ನೇ ಅಳಿಸಿ ಮತ್ತೆ ಹಾಕುವವರು ಬಹಳ. ಆದ್ದರಿಂದ ಯಾವ ಲಕ್ಷಣ ಕಂಡರೂ ಮೊದಲು ಪರದೆಯ ಮೇಲಿನ ಗಡಿಯಾರ ನೋಡಿ. ಕಂಪ್ಯೂಟರ್ ಬಿಚ್ಚುವ ಮಾತು ಆಮೇಲೆ.

ಯಾವ ಆವೃತ್ತಿಯ ಬಗ್ಗೆ ಮಾತು ಎಂಬುದೂ ಸ್ಪಷ್ಟವಿರಲಿ. ಮೂಲ ಆಟ 2006ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. 2008ರಲ್ಲಿ ‘ಸ್ಕಾಲರ್‌ಶಿಪ್ ಎಡಿಷನ್’ ಬಂತು: ಮೊದಲು ಎಕ್ಸ್‌ಬಾಕ್ಸ್ 360 ಮತ್ತು ವೀ, ಅದೇ ವರ್ಷದ ಕೊನೆಯ ಭಾಗದಲ್ಲಿ ಪಿಸಿ. 2016ರಲ್ಲಿ ಫೋನ್‌ಗಳಿಗೆ ‘ಆನಿವರ್ಸರಿ ಎಡಿಷನ್’ ಬಂತು. ಇಲ್ಲಿರುವುದು ಮುಖ್ಯವಾಗಿ ಪಿಸಿ ಆವೃತ್ತಿಯ ಕಥೆ. ಯಾಕೆಂದರೆ ಜಾಸ್ತಿ ಕಾಟ ಕೊಡುವುದು ಅದೇ. ಆಟದ ನಿಯಮಗಳ ಬಗ್ಗೆ ಹೇಳಿದ್ದು ಬಹುಪಾಲು ಎಲ್ಲ ಆವೃತ್ತಿಗಳಿಗೂ ಸಲ್ಲುತ್ತದೆ.

ಏನನ್ನಾದರೂ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಡಾಕ್ಯುಮೆಂಟ್ಸ್ ಫೋಲ್ಡರ್‌ನೊಳಗೆ ‘ಬುಲ್ಲಿ ಸ್ಕಾಲರ್‌ಶಿಪ್ ಎಡಿಷನ್’ ಎಂಬ ಫೋಲ್ಡರ್ ಇರುತ್ತದೆ. ನಿಮ್ಮ ಸೇವ್‌ಗಳು, ಅಂದರೆ ಆಡಿದಷ್ಟನ್ನು ಉಳಿಸಿಟ್ಟ ಫೈಲ್‌ಗಳು, ಇರುವುದು ಅಲ್ಲೇ. ಅದನ್ನು ಇಡಿಯಾಗಿ ಬೇರೆ ಜಾಗಕ್ಕೆ ಕಾಪಿ ಮಾಡಿ ಇಡಿ. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ಕೆಳಗಿನ ಯಾವ ತಾಂತ್ರಿಕ ಪ್ರಯೋಗಕ್ಕೂ ಕೈಹಾಕಬೇಡಿ.

ಲಕ್ಷಣ: ಮಿಷನ್ ಗುರುತೇ ಕಾಣಿಸುತ್ತಿಲ್ಲ

ತುಂಬಾ ಕೇಳಿಬರುವ ದೂರು ಇದು. ಹತ್ತರಲ್ಲಿ ಒಂಬತ್ತು ಸಲ ದೋಷವೇ ಇರುವುದಿಲ್ಲ.

ಗಡಿಯಾರ ಎಷ್ಟು ತೋರಿಸುತ್ತಿದೆ? ಬೆಳಗಿನ ಕ್ಲಾಸ್ 9:30ಕ್ಕೆ ಶುರುವಾಗಿ 11:30ಕ್ಕೆ ಮುಗಿಯುತ್ತದೆ. ಮಧ್ಯಾಹ್ನದ್ದು 1ರಿಂದ 3:30. ಕೆಲವು ಮಿಷನ್‌ಗಳು ಹಗಲಿನಲ್ಲಿ ಮಾತ್ರ ಸಿಗುತ್ತವೆ, ಕೆಲವಕ್ಕೆ ಕತ್ತಲಾಗಬೇಕು. ಹ್ಯಾಲೋವೀನ್ ರಾತ್ರಿಯ ಕಿತಾಪತಿಯನ್ನು ಮಟಮಟ ಮಧ್ಯಾಹ್ನ ಹುಡುಕಿದರೆ ಎಲ್ಲಿ ಸಿಗಬೇಕು? ಇರುವ ಕ್ಲಾಸ್ ಮುಗಿಸಿ, ಸಂಜೆಯವರೆಗೆ ಓಡಾಡಿಕೊಂಡಿರಿ. ಆಗಲೂ ಬರದಿದ್ದರೆ ಡಾರ್ಮಿಟರಿಗೆ ಹೋಗಿ ಮಲಗಿ. ಮಾರನೆಯ ಬೆಳಗ್ಗೆ ಗುರುತು ಮೂಡಿದರೆ ಅಲ್ಲಿಗೆ ಕಥೆ ಮುಗಿಯಿತು.

ಎರಡನೆಯದು, ಮ್ಯಾಪ್ ತೆರೆದು ಪೂರ್ತಿ ನೋಡಿ. ಮೂಲೆಯ ರೇಡಾರ್ ಒಂದನ್ನೇ ನಂಬಿ ಶಾಲೆಯ ಸುತ್ತ ಗಿರಕಿ ಹೊಡೆಯುತ್ತಿರುವಾಗ ಮಿಷನ್ ಊರಿನ ಆ ತುದಿಯಲ್ಲಿ ಕಾದಿರಬಹುದು.

ಮೂರನೆಯದು, ನೀವಿರುವ ಅಧ್ಯಾಯ. 1ನೇ ಅಧ್ಯಾಯದಲ್ಲಿ ನಿಮ್ಮ ಪ್ರಪಂಚ ಶಾಲೆಯ ಆವರಣ ಅಷ್ಟೇ. ಶಾಲೆಯ ಪುಂಡ ಹುಡುಗ ರಸೆಲ್ ಜೊತೆಗಿನ ಹೊಡೆದಾಟ ಮುಗಿದು 2ನೇ ಅಧ್ಯಾಯ ಶುರುವಾದ ಮೇಲೆ ಬುಲ್‌ವರ್ತ್ ಪೇಟೆ ಮತ್ತು ಓಲ್ಡ್ ಬುಲ್‌ವರ್ತ್ ವೇಲ್ ತೆರೆದುಕೊಳ್ಳುತ್ತವೆ. 3ರಲ್ಲಿ ನ್ಯೂ ಕೊವೆಂಟ್ರಿ. ಕಾರ್ಖಾನೆಗಳ ಬ್ಲೂ ಸ್ಕೈಸ್ ಪ್ರದೇಶಕ್ಕೆ 5ನೇ ಅಧ್ಯಾಯದವರೆಗೂ ಕಾಯಬೇಕು. ದಾರಿಗೆ ಅಡ್ಡಗಟ್ಟಿದ್ದಾರೆ ಅಂದರೆ ಅದು ಬಗ್ ಅಲ್ಲ, ಕಥೆ ಇನ್ನೂ ಅಲ್ಲಿಗೆ ಬಂದಿಲ್ಲ.

5ನೇ ಅಧ್ಯಾಯದಲ್ಲಿ ಗಾಬರಿಯಾಗುವವರು ಇನ್ನೊಂದು ಗುಂಪು. ಅಲ್ಲಿ ನೀವು ಆಡಿಸುವ ಹುಡುಗ ಜಿಮ್ಮಿಯನ್ನು ಶಾಲೆಯಿಂದ ಹೊರಹಾಕುತ್ತಾರೆ. ನಿನ್ನೆಯವರೆಗೆ ಇದ್ದ ದಿನಚರಿ ತಲೆಕೆಳಗಾಗುತ್ತದೆ. ಆ ಹೊತ್ತಿನಲ್ಲಿ ಕ್ಲಾಸ್ ಹುಡುಕುತ್ತಾ ಕೂರಬೇಡಿ. ಕಥೆಯ ಮಿಷನ್ ಹಿಡಿದು ಮುಂದೆ ಹೋಗಿ.

ಇಷ್ಟೆಲ್ಲ ನೋಡಿ, ಆಟದೊಳಗಿನ ಎರಡು ಮೂರು ದಿನ ಕಳೆದರೂ ಏನೂ ಬರಲಿಲ್ಲ ಅಂದರೆ ಆಗ ಅನುಮಾನ ಪಡಿ. ಸೇವ್ ಮಾಡಿ, ಆಟವನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಆಗಲೂ ಬರದಿದ್ದರೆ ಹಿಂದಿನ ಸೇವ್‌ಗೆ ಹೋಗಿ. ಚೀಟ್ ಪ್ರೋಗ್ರಾಂ ಬಳಸಿದ್ದರೆ, ಅಥವಾ ಬೇರೆ ಯಾರದ್ದೋ ಸೇವ್ ತಂದು ಹಾಕಿಕೊಂಡಿದ್ದರೆ, ಕಾರಣವನ್ನು ಅಲ್ಲೇ ಹುಡುಕಿ.

ಲಕ್ಷಣ: ರಾತ್ರಿ ಹೊತ್ತು ಪರದೆ ಮಸುಕಾಗುತ್ತದೆ, ಆಮೇಲೆ ಜಿಮ್ಮಿ ಕುಸಿಯುತ್ತಾನೆ

ಗ್ರಾಫಿಕ್ಸ್ ಕಾರ್ಡ್ ಹೋಯಿತು ಎಂದು ಹೆದರಬೇಡಿ. ಗಡಿಯಾರ ನೋಡಿ, ರಾತ್ರಿ 1 ಗಂಟೆ ದಾಟಿರುತ್ತದೆ. ಹುಡುಗನಿಗೆ ನಿದ್ದೆ ಎಳೆಯುತ್ತಿದೆ, ಅಷ್ಟೇ. ಸರಿಯಾಗಿ 2ಕ್ಕೆ ಎಲ್ಲಿದ್ದಾನೋ ಅಲ್ಲೇ ಬೀಳುತ್ತಾನೆ, ನಿಮ್ಮ ಮಿಷನ್ ಓಡಾಟ ಅಲ್ಲಿಗೆ ಕೆಟ್ಟಿತು.

ನಿಜವಾದ ಗ್ರಾಫಿಕ್ಸ್ ದೋಷಕ್ಕೂ ಇದಕ್ಕೂ ವ್ಯತ್ಯಾಸ ಸುಲಭ. ನಿದ್ದೆಯ ಮಸುಕು ಗಡಿಯಾರ ನೋಡಿಕೊಂಡು ಬರುತ್ತದೆ, ಹಾಸಿಗೆಯಲ್ಲಿ ಮಲಗಿ ಎದ್ದರೆ ಮಾಯವಾಗುತ್ತದೆ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಕಾರ್ಡ್‌ನ ತೊಂದರೆಯಾದರೆ ಹಗಲಿನಲ್ಲೂ ಬರುತ್ತದೆ. ಬಣ್ಣದ ಚೌಕಗಳು, ಹರಿದಂತೆ ಕಾಣುವ ಗೋಡೆಗಳು, ಮಿನುಗುವ ತ್ರಿಕೋನಗಳು ಕಾಣಿಸುತ್ತವೆ.

ರಾತ್ರಿ ಊರಲ್ಲಿದ್ದು ಡಾರ್ಮಿಟರಿ ದೂರವಾದರೆ, ಕಥೆ ಮುಂದುವರಿದಂತೆ ಸಿಗುವ ಬೇರೆ ತಂಗುದಾಣಗಳನ್ನು ಬಳಸಿ. ಕಡಲತೀರದ ಮನೆ, ಕಾಮಿಕ್ಸ್ ಅಂಗಡಿಯ ನೆಲಮಾಳಿಗೆ ಅಂಥವು. 12:30 ಆಯಿತು ಅಂದರೆ ಸೈಕಲ್ ಅತ್ತ ತಿರುಗಿಸಿಬಿಡಿ.

ಲಕ್ಷಣ: ಏನೂ ಮಾಡದೆ ನಿಂತರೂ ಪ್ರಿಫೆಕ್ಟ್‌ಗಳು ಹಿಡಿಯುತ್ತಾರೆ

ಪ್ರಿಫೆಕ್ಟ್‌ಗಳೆಂದರೆ ಶಾಲೆಯ ಶಿಸ್ತು ಕಾಯುವ ಹಿರಿಯ ವಿದ್ಯಾರ್ಥಿಗಳು. ಮತ್ತೆ ಗಡಿಯಾರ. ಕ್ಲಾಸ್ ಹೊತ್ತಿನಲ್ಲಿ ಹೊರಗಿದ್ದರೆ ಅದೇ ತಪ್ಪು. ರಾತ್ರಿ 11ರ ಮೇಲೆ ಹೊರಗಿದ್ದರೂ ತಪ್ಪು, ಊರಿನಲ್ಲಾದರೆ ಪೊಲೀಸರು ಬೆನ್ನು ಹತ್ತುತ್ತಾರೆ. ಹುಡುಗಿಯರ ಮೇಲೆ, ಚಿಕ್ಕ ಮಕ್ಕಳ ಮೇಲೆ, ದೊಡ್ಡವರ ಮೇಲೆ ಕೈಮಾಡಿದರೆ ತೊಂದರೆಯ ಮೀಟರ್ ಒಂದೇ ಏಟಿಗೆ ತುಂಬುತ್ತದೆ. ಗುಂಪಿನ ಜಗಳದಲ್ಲಿ ಗುರಿ ತಪ್ಪಿ ಬೇರೆಯವರಿಗೆ ತಗುಲಿದರೂ ಲೆಕ್ಕ ಅದೇ. ಇದಕ್ಕೆ ರಿಪೇರಿ ಇಲ್ಲ, ಓಡಿ ಕಸದ ತೊಟ್ಟಿಯಲ್ಲೋ ಲಾಕರ್‌ನಲ್ಲೋ ಅಡಗಿಕೊಳ್ಳುವುದೇ ಮದ್ದು.

ಲಕ್ಷಣ: ಒಂದೇ ಕ್ಲಾಸ್‌ನಲ್ಲಿ ಮತ್ತೆ ಮತ್ತೆ ಫೇಲ್

ಇಲ್ಲಿ ಯಾವ ಕ್ಲಾಸ್ ಎಂಬುದೇ ಸುಳಿವು.

ಇಂಗ್ಲಿಷ್‌ನಲ್ಲಿ ಕೊಟ್ಟ ಅಕ್ಷರಗಳಿಂದ ಪದ ಕಟ್ಟಬೇಕು. ಜಿಯಾಗ್ರಫಿಯಲ್ಲಿ ಗುರುತುಗಳನ್ನು ಮ್ಯಾಪ್ ಮೇಲೆ ಸರಿಯಾದ ಜಾಗಕ್ಕೆ ಇಡಬೇಕು. ಮ್ಯಾತ್ಸ್‌ನಲ್ಲಿ ಗಡಿಬಿಡಿಯಲ್ಲಿ ಉತ್ತರ ಆರಿಸಬೇಕು. ಇವುಗಳಲ್ಲಿ ಫೇಲ್ ಆದರೆ ಕಂಪ್ಯೂಟರನ್ನು ದೂರಬೇಡಿ. ಪ್ರತಿ ಕ್ಲಾಸ್‌ಗೂ 5 ಹಂತ ಇವೆ. ಫೇಲ್ ಆದರೆ ಆ ಹಂತ ಮುಂದೆ ಮತ್ತೆ ಸಿಗುತ್ತದೆ, ಏನೂ ಕಳೆದುಹೋಗುವುದಿಲ್ಲ. ಸಿಕ್ಕ ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಸಲೀಸು.

ಕೆಮಿಸ್ಟ್ರಿ, ಶಾಪ್ (ವರ್ಕ್‌ಶಾಪ್ ಕ್ಲಾಸ್), ಮ್ಯೂಸಿಕ್ ಬೇರೆ ತರಹದವು. ಇವು ತಾಳಕ್ಕೆ, ಸಮಯಕ್ಕೆ ಬಟನ್ ಒತ್ತುವ ಆಟಗಳು. ನೀವು ಸರಿಯಾದ ಹೊತ್ತಿಗೆ ಒತ್ತಿಯೂ ತಪ್ಪು ಎಂದು ಬರುತ್ತಿದ್ದರೆ ಅನುಮಾನಕ್ಕೆ ಜಾಗವಿದೆ. ಹೀಗೆ ಪರೀಕ್ಷಿಸಿ. ಮ್ಯೂಸಿಕ್ ಕ್ಲಾಸ್‌ನಲ್ಲಿ ಕಣ್ಣು ಮುಚ್ಚಿ ಕಿವಿಯಿಂದಷ್ಟೇ ತಾಳ ಹಿಡಿದು ಕೆಲವು ಸಲ ಒತ್ತಿ. ಆಮೇಲೆ ಧ್ವನಿ ನಿಲ್ಲಿಸಿ ಕಣ್ಣಿನಿಂದಷ್ಟೇ ನೋಡಿ ಒತ್ತಿ. ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಸತತ ತಪ್ಪಾದರೆ ಧ್ವನಿಯೋ ಚಿತ್ರವೋ ತಡವಾಗಿ ಬರುತ್ತಿದೆ ಎಂದರ್ಥ. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದರೆ ತೆಗೆದು ತಂತಿಯದ್ದು ಹಾಕಿ. ಟಿವಿಗೆ ಜೋಡಿಸಿದ್ದರೆ ಟಿವಿಯ ಗೇಮ್ ಮೋಡ್ ಆನ್ ಮಾಡಿ. ಖರ್ಚಿಲ್ಲದ ಎರಡು ಉಪಾಯ, ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಎರಡರಲ್ಲೂ ತಪ್ಪಾಗುತ್ತಿದ್ದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದನ್ನು ನೋಡಬೇಕು. ಅದು ಮುಂದೆ ಬರುತ್ತದೆ.

ಶಾಪ್ ಕ್ಲಾಸ್ ಕೀಬೋರ್ಡ್‌ನಲ್ಲಿ ಕಷ್ಟವೇ, ಒಪ್ಪುತ್ತೇನೆ. ಸ್ಟಿಕ್ ತಿರುಗಿಸುವ ಕೆಲಸವನ್ನು ಕೀಲಿಗಳಿಗೆ ಹೊಂದಿಸಿದ್ದು ಅಷ್ಟು ಚೆನ್ನಾಗಿಲ್ಲ. ಸಾಧ್ಯವಾದರೆ ಆ ಕ್ಲಾಸ್‌ಗಾದರೂ ಕಂಟ್ರೋಲರ್ ಹಿಡಿಯಿರಿ.

ಲಕ್ಷಣ: ಸೇವ್ ಆಗುತ್ತಿಲ್ಲ, ಅಥವಾ ಮಾಡಿದ ಸೇವ್ ಕಾಣೆಯಾಗಿದೆ

ಮಿಷನ್ ನಡುವೆ ಸೇವ್ ಮಾಡಲಾಗುವುದಿಲ್ಲ. ತಂಗುದಾಣಕ್ಕೆ ಹೋಗಿ ಅಲ್ಲಿನ ನೋಟ್‌ಬುಕ್ ಹತ್ತಿರ ನಿಲ್ಲಬೇಕು. ಅಲ್ಲೂ ಆಗದಿದ್ದರೆ ಅಥವಾ ಮರುದಿನ ಸೇವ್ ಇಲ್ಲದಿದ್ದರೆ ಬಹುಶಃ ವಿಂಡೋಸ್ ಅಡ್ಡ ಬಂದಿದೆ.

ಎರಡು ಜಾಗ ನೋಡಿ. ವಿಂಡೋಸ್ ಸೆಕ್ಯುರಿಟಿಯ ರಾನ್ಸಮ್‌ವೇರ್ ರಕ್ಷಣೆಯೊಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬುದಿದೆ. ಅದು ಆನ್ ಇದ್ದರೆ ಪರಿಚಯವಿಲ್ಲದ ಪ್ರೋಗ್ರಾಂಗಳು ಡಾಕ್ಯುಮೆಂಟ್ಸ್‌ಗೆ ಬರೆಯದಂತೆ ತಡೆಯುತ್ತದೆ. ಅದನ್ನು ಆಫ್ ಮಾಡಬೇಡಿ. ಅನುಮತಿ ಇರುವ ಆ್ಯಪ್‌ಗಳ ಪಟ್ಟಿಗೆ ಬುಲ್ಲಿಯನ್ನು ಸೇರಿಸಿ, ಸಾಕು. ಎರಡನೆಯದು ಒನ್‌ಡ್ರೈವ್. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಸದ್ದಿಲ್ಲದೆ ಒನ್‌ಡ್ರೈವ್ ಒಳಗೆ ಹೋಗಿ ಕೂತಿರುತ್ತದೆ. ಡಾಕ್ಯುಮೆಂಟ್ಸ್ ಹೆಸರಿನ ಎರಡು ಫೋಲ್ಡರ್ ಇದ್ದರೆ ಎರಡರಲ್ಲೂ ಹುಡುಕಿ. ‘ಕಾಣೆಯಾದ’ ಸೇವ್ ಇನ್ನೊಂದರಲ್ಲಿ ಸಿಗುವುದುಂಟು.

ಒಂದೇ ಸ್ಲಾಟ್ ಮೇಲೆ ಸೇವ್ ಮಾಡುತ್ತಾ ಹೋಗಬೇಡಿ. ಅಧ್ಯಾಯ ಬದಲಾದಾಗ ಸ್ಲಾಟ್ ಬದಲಿಸಿ.

ಲಕ್ಷಣ: ಆಟ ತೆರೆಯುವುದೇ ಇಲ್ಲ

ಕ್ಲಿಕ್ ಮಾಡುತ್ತೀರಿ, ಕಪ್ಪು ಪರದೆ ಒಮ್ಮೆ ಮಿನುಗುತ್ತದೆ, ಮತ್ತೆ ಡೆಸ್ಕ್‌ಟಾಪ್.

ಮೊದಲು ಕಂಪ್ಯೂಟರ್ ರೀಸ್ಟಾರ್ಟ್. ನಗಬೇಡಿ, ಹಿಂದಿನ ಸಲ ಸರಿಯಾಗಿ ಮುಚ್ಚದ ಆಟ ಹಿನ್ನೆಲೆಯಲ್ಲಿ ಇನ್ನೂ ಜೀವ ಹಿಡಿದುಕೊಂಡಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಬುಲ್ಲಿಯ ಹೆಸರು ಕಂಡರೆ ಅದೇ ಕಾರಣ.

ಆಮೇಲೆ ಫೈಲ್‌ಗಳ ತಪಾಸಣೆ. ಸ್ಟೀಮ್‌ನಲ್ಲಿ (ಆಟ ಕೊಂಡು ಆಡುವ ಆ್ಯಪ್) ಆಟದ ಪ್ರಾಪರ್ಟೀಸ್ ತೆರೆದು, ಇನ್‌ಸ್ಟಾಲ್ಡ್ ಫೈಲ್ಸ್ ಒಳಗೆ ಫೈಲ್ ಪರಿಶೀಲಿಸುವ ಆಯ್ಕೆ ಒತ್ತಿ. ಏನಾದರೂ ಕೆಟ್ಟಿದ್ದರೆ ಅದೇ ಮತ್ತೆ ಇಳಿಸಿಕೊಳ್ಳುತ್ತದೆ.

ನಂತರ ಓವರ್‌ಲೇಗಳು. ಸ್ಟೀಮ್, ಡಿಸ್ಕಾರ್ಡ್, ಗ್ರಾಫಿಕ್ಸ್ ಕಾರ್ಡ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್, ಎಲ್ಲವೂ ಆಟದ ಮೇಲೆ ತಮ್ಮ ಪದರ ಹಾಸುತ್ತವೆ. 2008ರ ಆಟಕ್ಕೆ ಇಷ್ಟು ಜನ ಹೆಗಲ ಮೇಲೆ ಕೂತರೆ ಕಷ್ಟವೇ. ಎಲ್ಲವನ್ನೂ ಆಫ್ ಮಾಡಿ ಒಮ್ಮೆ ನೋಡಿ. ತೆರೆದರೆ ಒಂದೊಂದಾಗಿ ಆನ್ ಮಾಡುತ್ತಾ ತಪ್ಪಿತಸ್ಥ ಯಾರೆಂದು ಹಿಡಿಯಿರಿ.

ಇನ್ನೂ ಇಲ್ಲ ಅಂದರೆ ಆಟದ ಎಕ್ಸಿ ಫೈಲ್ (ಆಟವನ್ನು ಓಡಿಸುವ ಫೈಲ್) ಮೇಲೆ ರೈಟ್ ಕ್ಲಿಕ್ ಮಾಡಿ, ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಆಯ್ಕೆ ಹಾಕಿ ನೋಡಿ. ಕೆಲವರಿಗೆ ಇದರಿಂದ ಆಟ ತೆರೆಯುತ್ತದೆ. ತೆರೆಯದಿದ್ದರೆ ಆಯ್ಕೆಯನ್ನು ತೆಗೆದುಬಿಡಿ. ಫಲ ಕೊಡದ ಬದಲಾವಣೆಗಳನ್ನು ಹಾಗೇ ಬಿಟ್ಟರೆ ಮುಂದೆ ಯಾವುದು ಯಾವ ಪರಿಣಾಮ ಮಾಡಿತು ಎಂದು ತಿಳಿಯುವುದೇ ಇಲ್ಲ.

ಡೈರೆಕ್ಟ್‌ಎಕ್ಸ್ ಫೈಲ್ ಇಲ್ಲ ಎಂಬ ಸಂದೇಶ ಬಂದರೆ ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್ ಹಾಕಿ. ಎಚ್ಚರಿಕೆ: ಕಾಣೆಯಾದ ಆ ಒಂದು ಡಿಎಲ್‌ಎಲ್ ಫೈಲನ್ನು ಮಾತ್ರ ಕೊಡುತ್ತೇವೆ ಎನ್ನುವ ಸೈಟ್‌ಗಳಿಂದ ಏನನ್ನೂ ಇಳಿಸಬೇಡಿ. ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವ ಯಾವ ‘ಫಿಕ್ಸ್’ ಕೂಡ ಬೇಡ.

ಲಕ್ಷಣ: ಆಡುತ್ತಿರುವಾಗಲೇ ದಿಢೀರ್ ಎಂದು ಡೆಸ್ಕ್‌ಟಾಪ್

ಪಿಸಿಯ ಬುಲ್ಲಿ ಹೆಸರು ಕೆಡಿಸಿಕೊಂಡಿದ್ದು ಇದರಿಂದಲೇ. ವಿಂಡೋಸ್ 10 ಮತ್ತು 11ರಲ್ಲಿ ಜಾಸ್ತಿ. ಸೈಕಲ್ ಹತ್ತಿ ಪೇಟೆ ಕಡೆ ಹೊರಟಿರುತ್ತೀರಿ, ಯಾವ ಸಂದೇಶವೂ ಇಲ್ಲದೆ ಆಟ ಮಾಯ.

ಮೊದಲು ಲಕ್ಷಣವನ್ನು ಬಿಡಿಸಿ ನೋಡಿ. ಆಟ ಮಾತ್ರ ಮುಚ್ಚಿತೇ? ಕಂಪ್ಯೂಟರ್ ಪೂರ್ತಿ ಹ್ಯಾಂಗ್ ಆಯಿತೇ? ಇಲ್ಲ ಕಂಪ್ಯೂಟರೇ ಆಫ್ ಆಯಿತೇ? ಆಫ್ ಆದರೆ ಇಲ್ಲಿ ಓದುವುದನ್ನು ನಿಲ್ಲಿಸಿ, ಯಂತ್ರ ಬಿಸಿಯಾಗುವ ಭಾಗಕ್ಕೆ ಹೋಗಿ. ಅದು ಬುಲ್ಲಿಯ ತಪ್ಪಲ್ಲ.

ಆಟ ಮಾತ್ರ ಮುಚ್ಚಿದ್ದರೆ ಈವೆಂಟ್ ವ್ಯೂವರ್ ತೆರೆಯಿರಿ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕ್ರ್ಯಾಶ್ ಆದ ಹೊತ್ತಿನ ಕೆಂಪು ಗುರುತಿನ ಸಾಲನ್ನು ಒತ್ತಿ. ಕೆಳಗೆ ದೊಡ್ಡ ಬರಹ ಬರುತ್ತದೆ. ನಮಗೆ ಬೇಕಾದ್ದು ಅದರಲ್ಲಿ ಒಂದೇ: ‘ಫಾಲ್ಟಿಂಗ್ ಮಾಡ್ಯೂಲ್’ ಎಂಬುದರ ಮುಂದಿನ ಹೆಸರು. ಅಲ್ಲಿ ಬುಲ್ಲಿಯ ಎಕ್ಸಿ ಹೆಸರೇ ಇದ್ದರೆ ಎಡವಿದ್ದು ಬಹುಮಟ್ಟಿಗೆ ಆಟವೇ. ಹೆಸರು ಎನ್‌ವಿ ಎಂದು ಶುರುವಾದರೆ ಎನ್ವಿಡಿಯಾ ಡ್ರೈವರ್, ಎಟಿಐ ಎಂದಾದರೆ ಎಎಮ್‌ಡಿ, ಐಜಿ ಎಂದಾದರೆ ಇಂಟೆಲ್ ಕಡೆ ನೋಡಬೇಕು. ಓವರ್‌ಲೇ ಪ್ರೋಗ್ರಾಂನ ಹೆಸರು ಕಂಡರೆ ಅದನ್ನು ಆಫ್ ಮಾಡಿ. ಎನ್‌ಟಿಡಿಎಲ್‌ಎಲ್ ಎಂದಿದ್ದರೆ ವಿಂಡೋಸ್ ಕೆಟ್ಟಿದೆ ಅಂತಲ್ಲ. ಮೆಮೊರಿಯಲ್ಲಿ ಯಾರೋ ಮಾಡಿದ ತಪ್ಪು ಅಲ್ಲಿ ಸಿಕ್ಕಿಬಿದ್ದಿದೆ ಅಷ್ಟೇ. ಈ ಆಟದಲ್ಲಿ ಆ ಯಾರೋ ಸಾಮಾನ್ಯವಾಗಿ ಆಟವೇ.

ಡ್ರೈವರ್ ಹೆಸರು ಬಂದಿದ್ದರೆ ಡ್ರೈವರ್ ಅಪ್‌ಡೇಟ್ ಮಾಡಿ. ಕಾರ್ಡ್ ತಯಾರಿಸಿದ ಕಂಪನಿಯ ಸೈಟ್‌ನಿಂದಲೇ ತೆಗೆದುಕೊಳ್ಳಿ.

ಆಟದ ಹೆಸರೇ ಬಂದಿದ್ದರೆ ಎರಡು ಹೆಜ್ಜೆ. ಒಂದು, ಆಟ 1.200 ಆವೃತ್ತಿಗೆ ಬಂದಿದೆಯೇ ನೋಡಿ. ಹಳೆಯ ಡಿಸ್ಕ್‌ನಿಂದ ಹಾಕಿದವರಿಗೆ ಈ ಅಧಿಕೃತ ಪ್ಯಾಚ್ (ತಪ್ಪು ಸರಿಪಡಿಸುವ ಫೈಲ್) ಬೇಕು. ಸ್ಟೀಮ್‌ನಲ್ಲಿ ಕೊಂಡವರಿಗೆ ಅದು ಸೇರಿಯೇ ಇರುತ್ತದೆ. ಎರಡು, ‘ಸೈಲೆಂಟ್‌ಪ್ಯಾಚ್’ ಹಾಕಿ. ಇದು ಕಂಪನಿಯದ್ದಲ್ಲ, ಅಭಿಮಾನಿಯೊಬ್ಬರು ಉಚಿತವಾಗಿ ಕೊಟ್ಟಿರುವ ಪ್ಯಾಚ್. ಆಟದೊಳಗಿನ ಮೆಮೊರಿ ತಪ್ಪುಗಳನ್ನು, ಮುಖ್ಯವಾಗಿ ವಿಂಡೋಸ್ 10ರಲ್ಲಿ ಕ್ರ್ಯಾಶ್ ತರಿಸುವವನ್ನು, ಸರಿಪಡಿಸುತ್ತದೆ. ಮಾಡಿದವರ ಸ್ವಂತ ಪುಟದಿಂದಲೇ ಇಳಿಸಿ, ಜೊತೆಗಿರುವ ಸೂಚನೆ ಓದಿ, ಆಟದ ಎಕ್ಸಿ ಇರುವ ಫೋಲ್ಡರ್‌ಗೆ ಹಾಕಿ. ನನ್ನನ್ನು ಕೇಳಿದರೆ ಪಿಸಿಯಲ್ಲಿ ಬುಲ್ಲಿ ಹಾಕುವವರು ಕ್ರ್ಯಾಶ್ ಆಗುವವರೆಗೆ ಕಾಯುವುದೇ ಬೇಡ, ಮೊದಲ ದಿನವೇ ಇದನ್ನು ಹಾಕಿಕೊಳ್ಳಬೇಕು.

ಬೇರೆ ಮಾಡ್‌ಗಳು, ಅಂದರೆ ಆಟವನ್ನು ಬದಲಿಸಲು ಹೊರಗಿನವರು ಮಾಡಿದ ಫೈಲ್‌ಗಳು, ಇದ್ದರೆ ಪರೀಕ್ಷೆಯ ಹೊತ್ತಿಗೆ ಎಲ್ಲವನ್ನೂ ತೆಗೆಯಿರಿ. ಹೊಸ ಬಟ್ಟೆ, ಹೊಸ ಸೈಕಲ್ ಎಂದು ಸುಮ್ನೆ ತುಂಬಿದ ಮಾಡ್‌ಗಳ ನಡುವೆ ದೋಷ ಹುಡುಕಲು ಆಗುವುದಿಲ್ಲ.

ಆಟದಿಂದ ಹೊರಗೆ ಬಂದು ವಾಪಸ್ ಹೋದಾಗ ಮಾತ್ರ ಕ್ರ್ಯಾಶ್ ಆಗುತ್ತಿದ್ದರೆ ಆಲ್ಟ್-ಟ್ಯಾಬ್ ಒತ್ತುವುದು ಬಿಡಿ. ಮೆಸೇಜ್ ನೋಡಲೇಬೇಕೆಂದರೆ ಸೇವ್ ಮಾಡಿ ಹೊರಗೆ ಬನ್ನಿ.

ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಮಿಷನ್‌ನಲ್ಲಿ ಕ್ರ್ಯಾಶ್ ಆದರೆ ಅರ್ಥ ಬೇರೆ. ಅಲ್ಲಿ ಬೇಕಾದ ಫೈಲ್ ಕೆಟ್ಟಿದೆ, ಅಥವಾ ಸೇವ್ ಕೆಟ್ಟಿದೆ. ಫೈಲ್ ಪರಿಶೀಲಿಸಿ, ಆಮೇಲೆ ಒಂದು ಹಳೆಯ ಸೇವ್‌ನಿಂದ ಅದೇ ಜಾಗಕ್ಕೆ ಹೋಗಿ ನೋಡಿ. ದಾಟಿದರೆ ತಪ್ಪು ಸೇವ್‌ನದ್ದು. ಜಾಗ, ಹೊತ್ತು ಏನೂ ಹೊಂದದೆ ಎಲ್ಲೆಂದರಲ್ಲಿ ಆಗುತ್ತಿದ್ದರೆ ಮೆಮೊರಿ, ಡ್ರೈವರ್, ಬಿಸಿ, ಈ ಮೂರರಲ್ಲಿ ಒಂದು.

ಲಕ್ಷಣ: ಆಟ ಎಳೆಯುತ್ತದೆ, ಅಥವಾ ವಿಚಿತ್ರವಾಗಿ ಓಡುತ್ತದೆ

ಈ ಆಟ ಕೇಳಿದ್ದು ಪೆಂಟಿಯಂ 4 ಕಾಲದ ಪ್ರೊಸೆಸರ್, 1 ಜಿಬಿ ರ‍್ಯಾಮ್. ಇಂದಿನ ಸಾಧಾರಣ ಲ್ಯಾಪ್‌ಟಾಪ್‌ಗೂ ಅದು ಲೆಕ್ಕಕ್ಕಿಲ್ಲ. ಆದರೂ ಎಳೆಯುತ್ತಿದೆ ಅಂದರೆ ಶಕ್ತಿ ಸಾಲದೆ ಅಲ್ಲ, ಹೊಂದಾಣಿಕೆ ಸರಿಯಿಲ್ಲದೆ.

ನೆರಳಿನ ಆಯ್ಕೆಯನ್ನು ಆಫ್ ಮಾಡಿ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇದ್ದರೆ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಬುಲ್ಲಿಗೆ ಹೈ ಪರ್ಫಾರ್ಮೆನ್ಸ್ ಆಯ್ಕೆ ಕೊಡಿ. ಚಾರ್ಜರ್ ಹಾಕಿಕೊಂಡೇ ಆಡಿ.

ಬುಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿದ ಆಟ. ಅದಕ್ಕಿಂತ ಮೇಲೆ ಹೋಗುತ್ತಿಲ್ಲ ಎಂಬುದು ದೋಷವಲ್ಲ. 60 ಮಾಡುವ ಆಸೆಗೆ ಮಿತಿಯನ್ನು ಕಿತ್ತುಹಾಕಿದವರಿಗೆ ಬೇರೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ: ಚಲನೆ ವಿಚಿತ್ರವಾಗುತ್ತದೆ, ಕ್ಲಾಸ್‌ಗಳ ಕಾಲಲೆಕ್ಕ ತಪ್ಪುತ್ತದೆ. ಮ್ಯೂಸಿಕ್ ಕ್ಲಾಸ್‌ನಲ್ಲಿ ಕಣ್ಣು, ಕಿವಿ ಎರಡರಿಂದಲೂ ತಪ್ಪಾಗುತ್ತಿತ್ತಲ್ಲ, ಅವರು ಇಲ್ಲಿ ನೋಡಬೇಕು. ಮಿತಿ ತೆಗೆಯುವ ಮಾಡ್ ಇದ್ದರೆ ತೆಗೆದು ಮತ್ತೆ 30ಕ್ಕೆ ತನ್ನಿ. 30ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಹಿನ್ನೆಲೆಯ ಪ್ರೋಗ್ರಾಂಗಳನ್ನು ಮುಚ್ಚಿ. 30 ಫ್ರೇಮ್ ಇದ್ದೂ ಚಿತ್ರ ಜರ್ಕ್ ಹೊಡೆದಂತೆ ಕಂಡರೆ ಸೈಲೆಂಟ್‌ಪ್ಯಾಚ್ ಅದನ್ನೂ ತಕ್ಕಮಟ್ಟಿಗೆ ನೇರ ಮಾಡುತ್ತದೆ.

ಲಕ್ಷಣ: ಕ್ಯಾಮೆರಾ ತಾನೇ ತಿರುಗುತ್ತದೆ, ಜಿಮ್ಮಿ ತಾನೇ ನಡೆಯುತ್ತಾನೆ

ಯುಎಸ್‌ಬಿಗೆ ಚುಚ್ಚಿದ್ದೆಲ್ಲವನ್ನೂ ತೆಗೆಯಿರಿ, ಕೀಬೋರ್ಡ್ ಮತ್ತು ಮೌಸ್ ಬಿಟ್ಟು. ಸ್ಟೀರಿಂಗ್ ವೀಲ್, ಎರಡನೇ ಕಂಟ್ರೋಲರ್, ಹಳೆಯ ಜಾಯ್‌ಸ್ಟಿಕ್, ಯಾವುದಾದರೂ ಒಂದು ಇದಕ್ಕೆ ಕಾರಣವಾಗಿರಬಹುದು. ಎಲ್ಲ ತೆಗೆದ ಮೇಲೆ ನಿಂತರೆ, ಒಂದೊಂದಾಗಿ ಹಾಕುತ್ತಾ ನೋಡಿ. ನಿಮ್ಮ ಮುಖ್ಯ ಕಂಟ್ರೋಲರ್ ಹಾಕಿದಾಗಲೇ ಶುರುವಾದರೆ ಅದನ್ನು ಬೇರೆ ಆಟದಲ್ಲಿ ಹಿಡಿದು ನೋಡಿ. ಅಲ್ಲೂ ಕ್ಯಾಮೆರಾ ಜಾರಿದರೆ ಸ್ಟಿಕ್ ಸವೆದಿದೆ. ಅಲ್ಲಿ ಸರಿಯಿದ್ದರೆ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಬುಲ್ಲಿಗೆ ಸ್ಟೀಮ್ ಇನ್‌ಪುಟ್ ಆನ್ ಇದ್ದರೆ ಆಫ್ ಮಾಡಿ, ಆಫ್ ಇದ್ದರೆ ಆನ್ ಮಾಡಿ. ಬಟನ್‌ಗಳು ಅದಲುಬದಲಾಗಿದ್ದರೂ ಇದೇ ಮದ್ದು.

ಲಕ್ಷಣ: ಎಲ್ಲ ಮುಗಿಸಿದೆ, ಆದರೂ ಶೇಕಡಾ 100 ಆಗುತ್ತಿಲ್ಲ

ಎಲ್ಲ ಮುಗಿದಿಲ್ಲ ಅಂತ ಅರ್ಥ, ಬೇರೇನಲ್ಲ. ಅಂಕಿಅಂಶದ ಪುಟ ತೆರೆದು ಒಂದೊಂದನ್ನೂ ಹೋಲಿಸಿ. ರಬ್ಬರ್ ಬ್ಯಾಂಡ್ 75, ಜಿ ಆ್ಯಂಡ್ ಜಿ (ಗ್ರಾಟೋಸ್ ಆ್ಯಂಡ್ ಗ್ರೆಮ್ಲಿನ್ಸ್) ಕಾರ್ಡ್ 40, ತೋಟದ ಗೊಂಬೆಗಳು 25, ಟ್ರಾನ್ಸಿಸ್ಟರ್ 6. ಸ್ಕಾಲರ್‌ಶಿಪ್ ಎಡಿಷನ್‌ನಲ್ಲಿ ಜಿಯಾಗ್ರಫಿ ಹಂತಗಳನ್ನು ಪಾಸ್ ಮಾಡುತ್ತಾ ಹೋದಂತೆ ಸಂಗ್ರಹಿಸುವ ವಸ್ತುಗಳು ಮ್ಯಾಪ್‌ನಲ್ಲಿ ಕಾಣತೊಡಗುತ್ತವೆ. ಆದ್ದರಿಂದ ಮೂಲೆಮೂಲೆ ತಡಕುವ ಮುಂಚೆ ಆ ಕ್ಲಾಸ್ ಮುಗಿಸಿ. ಕಥೆ ಮುಗಿದ ಮೇಲೆ ಬರುವ 6ನೇ ಅಧ್ಯಾಯ ಇರುವುದೇ ಇಂಥ ಬಾಕಿ ತೀರಿಸಲು. ಹಳೆಯ ಪ್ಲೇಸ್ಟೇಷನ್ ಆವೃತ್ತಿಯ ಪಟ್ಟಿ ಇಟ್ಟುಕೊಂಡು ಹುಡುಕುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಬಯಾಲಜಿ, ಮ್ಯೂಸಿಕ್, ಮ್ಯಾತ್ಸ್, ಜಿಯಾಗ್ರಫಿ ಸ್ಕಾಲರ್‌ಶಿಪ್ ಎಡಿಷನ್‌ನಲ್ಲಿ ಸೇರಿದ್ದು.

ಲಕ್ಷಣ: ಫೋನ್‌ನಲ್ಲಿ ತೆರೆದು ಮುಚ್ಚಿಹೋಗುತ್ತದೆ

ಖಾಲಿ ಜಾಗ ನೋಡಿ, ಬೇರೆ ಆ್ಯಪ್ ಮುಚ್ಚಿ, ಫೋನ್ ರೀಸ್ಟಾರ್ಟ್ ಮಾಡಿ, ಆಟಕ್ಕೆ ಅಪ್‌ಡೇಟ್ ಇದೆಯೇ ನೋಡಿ. ಆ್ಯಪ್ ಡೇಟಾ ಅಳಿಸುವ ಮೊದಲು ಕ್ಲೌಡ್ ಸೇವ್ ಆಗಿದೆಯೇ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಆಡಿದ್ದೆಲ್ಲ ಹೋದಂತೆಯೇ. ಫೋನ್‌ನ ಸಿಸ್ಟಂ ಅಪ್‌ಡೇಟ್ ಆದ ಮಾರನೆಯ ದಿನದಿಂದಲೇ ಶುರುವಾದ ತೊಂದರೆಗೆ ನಿಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಆಟಕ್ಕೆ ಅಪ್‌ಡೇಟ್ ಬರಬೇಕು.

ಲಕ್ಷಣ: ಯಂತ್ರ ಬಿಸಿಯಾಗುತ್ತದೆ, ಆಫ್ ಆಗುತ್ತದೆ: ಇಲ್ಲಿ ನಿಲ್ಲಿಸಿ

ಆಡುತ್ತಾ ಆಡುತ್ತಾ ಫ್ಯಾನ್ ಸದ್ದು ಏರಿ, ಇದ್ದಕ್ಕಿದ್ದಂತೆ ಕಂಪ್ಯೂಟರ್ ಆಫ್ ಆದರೆ ಬಿಸಿ ಅಥವಾ ಪವರ್ ಸಪ್ಲೈ ಕಾರಣ. ಹಾಸಿಗೆ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದರೆ ಗಟ್ಟಿ ಮೇಜಿನ ಮೇಲೆ ಇಡಿ. ಗಾಳಿಯ ಕಿಂಡಿಯ ಧೂಳು ತೆಗೆಯುವಾಗ ಆಫ್ ಮಾಡಿ, ಪ್ಲಗ್ ತೆಗೆದಿರಿ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಸುಟ್ಟ ವಾಸನೆ, ಉಬ್ಬಿದ ಬ್ಯಾಟರಿ, ಬೇರೆ ಆಟಗಳಲ್ಲೂ ಅದೇ ಕ್ರ್ಯಾಶ್, ನೀಲಿ ಪರದೆ, ಡೆಸ್ಕ್‌ಟಾಪ್‌ನಲ್ಲೂ ಬಣ್ಣದ ಚೌಕಗಳು: ಇವುಗಳಲ್ಲಿ ಯಾವುದು ಕಂಡರೂ ಬುಲ್ಲಿಯನ್ನು ಬಿಟ್ಟು ಯಂತ್ರವನ್ನು ರಿಪೇರಿ ಬಲ್ಲವರಿಗೆ ತೋರಿಸಿ. ವಾಸನೆ ಬಂದರೆ ಅಥವಾ ಬ್ಯಾಟರಿ ಉಬ್ಬಿದ್ದರೆ ತಕ್ಷಣ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ಬ್ಯಾಟರಿಯನ್ನು ಒತ್ತಿ ನೋಡುವ ಸಾಹಸವೂ ಬೇಡ.

ಯಂತ್ರ ಸರಿಯಿದ್ದು, 1.200 ಮತ್ತು ಸೈಲೆಂಟ್‌ಪ್ಯಾಚ್ ಎರಡೂ ಇದ್ದು, ಮಾಡ್ ಒಂದೂ ಇಲ್ಲದೆ ಹೊಸ ಆಟ ಶುರು ಮಾಡಿದರೂ ಕ್ರ್ಯಾಶ್ ಆಗುತ್ತಿದ್ದರೆ ಬೇರೆಯವರ ಸಹಾಯ ಕೇಳುವ ಹೊತ್ತು. ‘ಗೇಮ್ ಓಡ್ತಿಲ್ಲ, ಹೆಲ್ಪ್ ಮಾಡಿ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಟವನ್ನು ಎಲ್ಲಿಂದ ಕೊಂಡಿದ್ದು, ವಿಂಡೋಸ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್ ಆವೃತ್ತಿ, ಯಾವ ಅಧ್ಯಾಯ, ಆಟದೊಳಗಿನ ಹೊತ್ತು, ಫಾಲ್ಟಿಂಗ್ ಮಾಡ್ಯೂಲ್‌ನ ಹೆಸರು, ಈವರೆಗೆ ಮಾಡಿ ನೋಡಿದ್ದು ಏನೇನು, ಇಷ್ಟನ್ನು ಬರೆಯಿರಿ. ಕಾಪಿ ಮಾಡಿಟ್ಟ ಸೇವ್ ಕೈಗೆ ಸಿಗುವಂತಿರಲಿ, ಅದನ್ನೂ ಕೇಳಬಹುದು.